ದಪ್ಪಣ್ಣನ ದಿಂಬು

ಬೇಕರಿ ಇಟ್ಟವನು ದಪ್ಪಗಿರಬೇಕು ಅಂತ ಯಾವ ಕಾನೂನಿನಲ್ಲೂ ಬರೆದಿಲ್ಲ. ಆದರೆ ನಮ್ಮ ಬೀದಿಯ ಜನ ಅದನ್ನು ಕಾನೂನು ಅಂತಲೇ ತಿಳಿದಿದ್ದರು. ಜನ ತಿಳಿದರೆ ತಿಳಿಯಲಿ ಬಿಡಿ, ನನ್ನ ಗಂಡನೂ ಹಾಗೇ ತಿಳಿದುಕೊಂಡರಲ್ಲ, ಅದು ನನ್ನ ಹಣೆಬರಹ.

ನಮ್ಮ ಅಂಗಡಿಯ ಬೋರ್ಡಿನ ಮೇಲೆ ಬೇರೆ ಏನೋ ಹೆಸರಿದೆ. ಅದನ್ನು ಬರೆದ ಪೇಂಟರ್ ಬಿಟ್ಟರೆ ಇನ್ಯಾರೂ ಓದಿದ ಹಾಗಿಲ್ಲ. ಎಲ್ಲರ ಬಾಯಲ್ಲೂ ಅದು ದಪ್ಪಣ್ಣನ ಬೇಕರಿ. ದಪ್ಪಣ್ಣ ಅಂದರೆ ನಮ್ಮ ಮನೆಯವರು. ಅವರು ಗಲ್ಲಾಪೆಟ್ಟಿಗೆ ಮುಂದೆ ನಿಂತರೆ ಹಿಂದಿನ ಗಾಜಿನ ಬೀರು ಪೂರ್ತಿ ಮರೆಯಾಗುತ್ತಿತ್ತು. "ಸ್ವಲ್ಪ ಪಕ್ಕಕ್ಕೆ ಸರೀರಿ ದಪ್ಪಣ್ಣ, ಇವತ್ತು ಏನೇನಿದೆ ನೋಡೋಣ" ಅಂತ ಗಿರಾಕಿಗಳು ಹೇಳಬೇಕಿತ್ತು. ಇವರು ಅದನ್ನು ಬಿರುದು ಅಂತ ತಗೊಂಡು ನಗುತ್ತಾ ಸರಿಯುತ್ತಿದ್ದರು. ಸರಿದರೂ ಅರ್ಧ ಬೀರು ಮಾತ್ರ ಕಾಣುತ್ತಿತ್ತು.

ಇವರ ಅಣ್ಣ, ಅಂದರೆ ನಮ್ಮ ಭಾವ, ಇವರಿಗಿಂತ ಒಂದು ಕೈ ಮೇಲೆ. ಭಾವನದು ಡ್ರೈವಿಂಗ್ ಸ್ಕೂಲು. ಅವರು ಪಕ್ಕದ ಸೀಟಿನಲ್ಲಿ ಕೂತರೆ ಕಾರು ಆ ಕಡೆಗೆ ವಾಲುತ್ತದೆ. ಅವರ ಹತ್ತಿರ ಕಲಿತವರು ಲೈಸೆನ್ಸು ಸಿಕ್ಕ ಮೇಲೆ ಒಬ್ಬರೇ ಗಾಡಿ ತೆಗೆದಾಗ, ಗಾಡಿ ಯಾಕೋ ನೆಟ್ಟಗಿದೆ ಅಂತ ಗಾಬರಿಯಾಗಿ ಮೆಕ್ಯಾನಿಕ್ ಹತ್ತಿರ ಹೋದದ್ದುಂಟು.

ಇಷ್ಟೇ ಆಗಿದ್ದರೆ ನಗಾಡಿಕೊಂಡು ಇರಬಹುದಿತ್ತು. ಆದರೆ ನಮ್ಮ ಮಾವನವರು ಇದೇ ಅಂಗಡಿಯಲ್ಲಿ, ಕೈಯಲ್ಲಿ ಬ್ರೆಡ್ಡು ಹಿಡಿದು, "ಕತ್ತರಿಸಿ ಕೊಡಲಾ, ಹಾಗೇ ಕೊಡಲಾ?" ಅಂತ ಕೇಳುತ್ತಿದ್ದ ಹಾಗೇ ಕುಸಿದು ಹೋದವರು. ಹೃದಯ. ಅಣ್ಣತಮ್ಮಂದಿರಿಗೆ ಅಪ್ಪನಿಂದ ಬಂದ ಆಸ್ತಿ ಎರಡು: ಈ ಅಂಗಡಿ ಮತ್ತು ಆ ರಕ್ತ. ಅಂಗಡಿ ತಮ್ಮನಿಗೊಬ್ಬನಿಗೇ ಹೋಯಿತು, ರಕ್ತ ಮಾತ್ರ ಇಬ್ಬರಿಗೂ ಸಮಪಾಲು. ಪರೀಕ್ಷೆ ಮಾಡಿಸಿದಾಗಲೆಲ್ಲ ಕೆಟ್ಟ ಕೊಲೆಸ್ಟ್ರಾಲ್ ಮೇಲೆ, ಒಳ್ಳೇ ಕೊಲೆಸ್ಟ್ರಾಲ್ ಕೆಳಗೆ, ಟ್ರೈಗ್ಲಿಸರೈಡ್ ಅಂತೂ ಹೇಳೋದೇ ಬೇಡ. ಪಥ್ಯ ಮಾಡಲಿಲ್ಲವೆ? ಮಾಡಿದರು. ನಡೆಯಲಿಲ್ಲವೆ? ನಡೆದರು. ಇಬ್ಬರೂ ಸೇರಿ ಹತ್ತಿರದ ಪಾರ್ಕು ಸುತ್ತಿದ್ದೇ ಸುತ್ತಿದ್ದು. ಇಳಿದ ತೂಕ ಅಷ್ಟೇ ಬೇಗ ವಾಪಸ್ಸು ಬರುತ್ತಿತ್ತು, ಬರುವಾಗ ಜೊತೆಗೆ ಇನ್ನೊಂದಿಷ್ಟನ್ನು ಕರಕೊಂಡು.

ಕೊನೆಗೆ ಡಾಕ್ಟರಮ್ಮ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, "ಹೊಟ್ಟೆ ಚಿಕ್ಕದು ಮಾಡೋ ಆಪರೇಷನ್ ಮಾಡಿಸಿಕೊಳ್ಳಿ. ತೂಕ ಇಳಿಯುತ್ತೆ ಅನ್ನೋದು ಇರಲಿ, ನನಗೆ ಚಿಂತೆ ಇರೋದು ನಿಮ್ಮ ಎದೆಯದು" ಅಂದರು. ಭಾವ ಕುರ್ಚಿಯಲ್ಲಿ ಅಲುಗಾಡಿ, ಕುರ್ಚಿ ಕಿರುಗುಟ್ಟಿ, ಆಮೇಲೆ ಬಾಯಿ ಬಿಟ್ಟರು.

"ಗೊತ್ತಿಲ್ಲದ ರಸ್ತೇಲಿ ಇನ್ನೊಂದು ಗಾಡೀನ ಮುಂದೆ ಬಿಟ್ಟು ಅದರ ಹಿಂದೆ ಹೋಗೋದು ನನ್ನ ಪದ್ಧತಿ, ಡಾಕ್ಟ್ರೇ. ಮೊದಲು ತಮ್ಮ ಮಾಡಿಸಿಕೊಳ್ಳಲಿ. ಅವನಿಗೆ ಇಳಿದ್ರೆ ನಾನೂ ಬರ್ತೀನಿ."

"ಮಾತು ಕೊಡ್ತೀರಾ?"

"ನನ್ನ ತಮ್ಮನ ಹೊಟ್ಟೆ ಆಣೆಗೂ!"

ಆಣೆ ಇಡೋಕೆ ಬೇರೆ ಏನೂ ಸಿಗಲಿಲ್ಲವೇ ಅಂತ ನನಗೆ ಆವತ್ತೇ ಅನ್ನಿಸಿತು. ಡಾಕ್ಟರಮ್ಮ ಮಾತ್ರ ಆ ಆಣೆಯ ಮೇಲೇ ಭಾವನಿಗೂ ಆರು ತಿಂಗಳಾಚೆಗೆ ಒಂದು ದಿನ ಗೊತ್ತು ಮಾಡಿದರು.

ಇವರಿಗೆ ಆಪರೇಷನ್ ಆಯಿತು. ದೇವರು ದೊಡ್ಡವನು, ಒಂದು ತೊಂದರೆ ಇಲ್ಲದೆ ಆಯಿತು. ಒಂದು ಕಾಲಕ್ಕೆ ನಿಂತ ನಿಲುವಿನಲ್ಲೇ ನಾಲ್ಕು ಬನ್ನು ಮುಗಿಸುತ್ತಿದ್ದ ಮನುಷ್ಯ, ಮಗುವಿನ ಬಟ್ಟಲಿನಷ್ಟು ಗಂಜಿಯನ್ನು ಗುಟುಕು ಗುಟುಕಾಗಿ ಕುಡಿದು "ಸಾಕೇ ಮಾರಾಯ್ತಿ, ಹೊಟ್ಟೆ ಬಿರಿಯುತ್ತೆ" ಅನ್ನೋಕೆ ಶುರು ಮಾಡಿದರು. ನಾನು ಇಪ್ಪತ್ತು ವರ್ಷದ ಸಂಸಾರದಲ್ಲಿ ಈ ಮಾತನ್ನು ಅವರ ಬಾಯಲ್ಲಿ ಕೇಳಿದ್ದೇ ಇಲ್ಲ. ಕೇಳಿ ನನಗೇ ಒಂದು ಕ್ಷಣ ಭಯವಾಯಿತು.

ಮೂರು ತಿಂಗಳ ತಪಾಸಣೆಯ ದಿನ ಡಾಕ್ಟರಮ್ಮ ರಕ್ತಪರೀಕ್ಷೆಯ ಫಲಿತಾಂಶ ನೋಡಿ ಕನ್ನಡಕ ತೆಗೆದು ನಕ್ಕರು.

"ಟ್ರೈಗ್ಲಿಸರೈಡ್ ಅರ್ಧಕ್ಕೆ ಬಂದಿದೆ. ಕೆಟ್ಟ ಕೊಲೆಸ್ಟ್ರಾಲ್ ತಗ್ಗಿದೆ. ಒಳ್ಳೇದು ನಿಧಾನಕ್ಕೆ ಏರ್ತಿದೆ. ಬಿಪಿ ಕೂಡ ಇಳಿದಿದೆ."

"ಹಾಗಾದ್ರೆ ಮಾತ್ರೆ ಬಿಡಲಾ?" ಅಂದರು ಇವರು.

"ನಾನು ಹೇಳೋವರೆಗೂ ಒಂದು ಮಾತ್ರೆ ಬಿಟ್ರೂ ನಿಮ್ಮನ್ನ ಬಿಡಲ್ಲ. ಅಪಾಯ ಕಡಿಮೆ ಆಗಿದೆ ಅಂದೆ, ಹೊರಟು ಹೋಯ್ತು ಅನ್ನಲಿಲ್ಲ. ನಿಮ್ಮ ಅಪ್ಪನ ಕಥೆ ನೆನಪಿದೆ ತಾನೆ?"

ನಾನು ಡಾಕ್ಟರಮ್ಮನ ಎರಡೂ ಕೈ ಹಿಡಿದುಕೊಂಡು ಅತ್ತೆ. ಸಂತೋಷಕ್ಕೆ ಅಳುವುದು ನನಗೆ ಅಭ್ಯಾಸವಿಲ್ಲ, ಆದ್ದರಿಂದ ಸ್ವಲ್ಪ ಜೋರಾಗಿಯೇ ಅತ್ತೆ ಅಂತ ಕಾಣುತ್ತೆ. ಹೊರಗೆ ಕೂತಿದ್ದ ಪೇಷೆಂಟುಗಳು ಇಬ್ಬರು ಎದ್ದು ಮನೆಗೆ ಹೋದರಂತೆ.

ಇಲ್ಲಿಗೇ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ನಮ್ಮ ಅಂಗಡಿಗೆ ಮೇಷ್ಟ್ರು ಬರುತ್ತಾರೆ.

ಮೇಷ್ಟ್ರು ರಿಟೈರಾದ ಹೆಡ್‌ಮಾಸ್ಟರ್. ಬೀದಿಗೆಲ್ಲ ಅವರ ಮಾತೇ ಕಡೆಯ ಮಾತು. ದಿನಾ ಬೆಳಿಗ್ಗೆ ಬಂದು ಒಂದು ಟೀ, ಒಂದು ತುಂಡು ಕೇಕು ತಗೊಂಡು, ಮೂಲೆಯ ಮೇಜಿನಲ್ಲಿ ಕೂತು ಪೇಪರ್ ಓದುತ್ತಾರೆ. ಒಂದು ದಿನ ಅವರು ಪೇಪರ್ ಮಡಿಚಿಟ್ಟು ಇವರನ್ನು ಮೇಲಿಂದ ಕೆಳಗಿನ ತನಕ, ಗಣಿತದಲ್ಲಿ ನಪಾಸಾದ ಹುಡುಗನನ್ನು ನೋಡುವ ಹಾಗೆ ನೋಡಿದರಂತೆ.

"ಏನಯ್ಯಾ ದಪ್ಪಣ್ಣ, ಹಿಂದಿನ ಬೀರು ಕಾಣ್ತಿದೆ!"

"ಹೌದಾ ಸಾರ್?"

"ನೀನು ಮಾಡಿದ್ದನ್ನ ನೀನೇ ತಿನ್ನೋದು ಬಿಟ್ಟೆಯಾ?"

ಇವರು ಆಪರೇಷನ್ ವಿಷಯ ಬೀದಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಊರಿಗೆ ಹೋಗಿದ್ದೆ ಅಂದಿದ್ದರು. ಈಗ ಏನು ಹೇಳಬೇಕೋ ತೋಚದೆ "ಹಾಗೇನಿಲ್ಲ ಸಾರ್, ಸ್ವಲ್ಪ ಕಡಿಮೆ" ಅಂತ ತೊದಲಿದರು. ಮೇಷ್ಟ್ರು ಅರ್ಧ ತಿಂದ ಕೇಕನ್ನು ತಟ್ಟೆಯಲ್ಲಿ ಬಿಟ್ಟು ಎದ್ದುಹೋದರು. ಸಂಜೆಯ ಹೊತ್ತಿಗೆ ಎದುರುಗಡೆಯ ಟೈಲರ್ ಅಂಗಡಿಯಲ್ಲಿ "ಬೇಕರಿಯವನೇ ತಿನ್ನಲ್ಲ ಅಂದ್ರೆ ಅದರಲ್ಲಿ ಏನು ಹಾಕ್ತಾನೋ!" ಅನ್ನುವ ಮಾತು ಹುಟ್ಟಿ, ಮಾರನೇ ದಿನ ಬನ್ನು ಮಿಕ್ಕಿತು.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಆಪರೇಷನ್ ಆಗಿದೆ ಕಣ್ರಪ್ಪಾ ಅಂತ ಒಂದು ಮಾತು ಹೇಳಿ ಮುಗಿಸುತ್ತಿದ್ದಿರಿ. ನಮ್ಮ ಮನೆಯವರು ಹಾಗೆಲ್ಲ ಸುಲಭದ ದಾರಿ ಹಿಡಿಯುವವರಲ್ಲ.

ಅದೇ ವಾರ ನಮ್ಮ ಮನೆಯಲ್ಲಿ ಟವೆಲ್ಲುಗಳು ಕಡಿಮೆಯಾದವು. ಆಮೇಲೆ ಸೋಫಾದ ಕುಶನ್ ಹೋಯಿತು. ಇವರು ಗಡ್ಡ ಬಿಡಲು ಶುರು ಮಾಡಿದರು. ಯಾಕ್ರೀ ಅಂದರೆ "ಸುಮ್ಮನೆ" ಅಂದರು. ಬೇಸಗೆಯ ದಿನಗಳಲ್ಲೂ ಒಲೆಯ ಮುಂದೆ ಉದ್ದ ತೋಳಿನ ದೊಗಲೆ ಕೋಟು. ನಾನು ಮಧ್ಯಾಹ್ನದ ಮೇಲೆ ಅಂಗಡಿಗೆ ಹೋಗಿ ಕೇಕಿನ ಮೇಲೆ ಕ್ರೀಮು ಬಿಡುವ ಕೆಲಸ ಮಾಡುವವಳು. ಹಿಂದಿನ ಕೋಣೆಯಲ್ಲಿ ತಲೆ ತಗ್ಗಿಸಿ ಕೂತರೆ ಮುಂದೆ ಏನಾಗುತ್ತಿದೆ ಅಂತ ಕಾಣುವುದಿಲ್ಲ. ಹಾಸಿಗೆಯ ಮೇಲಿನ ನನ್ನ ಹೂವಿನ ದಿಂಬು ಕಾಣೆಯಾದ ದಿನ ಮಾತ್ರ ನನಗೆ ತಲೆ ಕೆಟ್ಟಿತು. ಅಗಸನನ್ನು ಬೈದೆ, ಕೆಲಸದವಳನ್ನು ಬೈದೆ, ಬೈದು ಮುಗಿಸಿ ಅಂಗಡಿಗೆ ಹೋದರೆ, ಇವರು ಮೇಲಿನ ಹಲಗೆಯಿಂದ ಟ್ರೇ ತೆಗೆಯಲು ಕೈ ಎತ್ತಿದರು. ಕೋಟಿನ ಎರಡು ಗುಂಡಿಗಳ ನಡುವೆ ನನ್ನ ದಿಂಬಿನ ಹೂವು ಇಣುಕಿತು.

ಹಿಂದಿನ ಕೋಣೆಗೆ ಎಳಕೊಂಡು ಹೋದೆ. "ಏನ್ರೀ ಇದು?"

"ಮೆಲ್ಲಗೆ ಮಾತಾಡೇ! ವ್ಯಾಪಾರ ಕುದುರಿದೆ. ಮೇಷ್ಟ್ರು ಇವತ್ತು ಎರಡು ತುಂಡು ಕೇಕು ತಿಂದ್ರು."

"ನಾಲ್ಕು ತಿಂಗಳು ಗಂಜಿ ಕುಡಿಸಿ ಇಳಿಸಿದ ಹೊಟ್ಟೇನ ದಿಂಬು ಕಟ್ಟಿ ಏರಿಸ್ತೀರಲ್ಲ, ನಿಮಗೆ ಬುದ್ಧಿ ಇದೆಯಾ?"

"ಗಡ್ಡ ಇಳಿದ ಕೆನ್ನೆ ಮುಚ್ಚೋಕೆ. ದಿಂಬು ಬರೀ ಅಂಗಡೀಲಿ ಕಣೇ."

ಗುಟ್ಟು ನನಗೆ ತಿಳಿದ ಮೇಲೆ ಬರೀ ಅಂಗಡಿಯಲ್ಲಿ ಅನ್ನುವುದೂ ಸುಳ್ಳಾಯಿತು. ಮನೆಯಿಂದ ಅಂಗಡಿಗೆ ಹೋಗುವ ದಾರಿಯಲ್ಲಿ ಗಿರಾಕಿಗಳಿದ್ದಾರೆ, ಆದ್ದರಿಂದ ದಾರಿಯಲ್ಲೂ ದಿಂಬು. ಭಾನುವಾರ ಅಣ್ಣನ ಮನೆಗೆ ಹೋಗಬೇಕಾದರೂ ಇದೇ ಬೀದಿ ದಾಟಬೇಕು, ಆದ್ದರಿಂದ ಅಲ್ಲಿಗೂ ದಿಂಬು. ಮನುಷ್ಯ ಅದನ್ನು ಬಿಚ್ಚುತ್ತಿದ್ದುದು ಸ್ನಾನಕ್ಕೆ ಮತ್ತು ನಿದ್ದೆಗೆ. ನಿದ್ದೆಗೆ ಬಿಚ್ಚಿ ತಲೆಯಡಿ ಇಟ್ಟುಕೊಳ್ಳುತ್ತಿದ್ದರು ಅನ್ನಿ.

"ಭಾವನಿಗಾದ್ರೂ ಹೇಳಿದ್ದೀರಾ?" ಅಂತ ಒಂದು ದಿನ ಕೇಳಿದೆ.

"ಅವನಿಗೇನು ಹೇಳೋದು? ದಿನಾ ಟೀಗೆ ಬರ್ತಾನೆ, ದಿನಾ ನೋಡ್ತಾನೆ. ಒಡಹುಟ್ಟಿದವನಿಗೆ ಅಷ್ಟೂ ಗೊತ್ತಾಗಲ್ವಾ?"

ಒಡಹುಟ್ಟಿದವನಿಗೆ ಗೊತ್ತಾಗಲಿಲ್ಲ. ಭಾವ ದಿನಾ ಟೀಗೆ ಬರುತ್ತಿದ್ದರು, ದಿನಾ ನೋಡುತ್ತಿದ್ದರು, ನೋಡಿ ಮನಸ್ಸಿನಲ್ಲೇ ಕೊರಗುತ್ತಿದ್ದರು. ಪಾಪ, ಹೊಟ್ಟೆ ಕುಯ್ಯಿಸಿಕೊಂಡರೂ ಇಳಿದ ಹೊಟ್ಟೆ ತಮ್ಮನಿಗೆ ಮತ್ತೆ ಇದ್ದಷ್ಟೇ ಬಂತಲ್ಲ! ಕೇಳಿದರೆ ಅವನ ಮನಸ್ಸು ನೋಯುತ್ತೆ ಅಂತ ಒಂದು ಮಾತೂ ಆಡುತ್ತಿರಲಿಲ್ಲ. ಊರ ಮೇಲಿನ ಗುಟ್ಟೆಲ್ಲ ಹಾರ್ನಿನ ಹಾಗೆ ಊದುವ ಮನುಷ್ಯ, ಈ ಒಂದು ವಿಷಯಕ್ಕೆ ಮಾತ್ರ ಬಾಯಿಗೆ ಬೀಗ ಹಾಕಿಕೊಂಡಿದ್ದರು.

ಇದೆಲ್ಲ ನನಗೆ ತಿಳಿದದ್ದು ನನ್ನ ವಾರಗಿತ್ತಿ, ಅಂದರೆ ಭಾವನ ಹೆಂಡತಿ, ಒಂದು ಮಧ್ಯಾಹ್ನ ಕಣ್ಣೊರೆಸಿಕೊಂಡು ಮನೆಗೆ ಬಂದಾಗ. ನಾನು ಅವರನ್ನು ಅಕ್ಕ ಅನ್ನುತ್ತೇನೆ. ಅಕ್ಕ ಅಳುವವರಲ್ಲ, ಮಂದಿಯನ್ನು ಅಳಿಸುವವರು. ಅವರೇ ಅತ್ತದ್ದು ನೋಡಿ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬಂದೆ.

"ನಿಮ್ಮ ಭಾವ ಆಪರೇಷನ್ ಬೇಡ ಅಂತ ಡಾಕ್ಟರಮ್ಮನಿಗೆ ಫೋನ್ ಮಾಡಿ ಹೇಳಿಬಿಟ್ಟಿದ್ದಾರೆ ಕಣೇ. 'ತಮ್ಮನಿಗೇ ಇಳಿದದ್ದು ವಾಪಸ್ಸು ಬಂತು, ನನಗೆ ಇಳಿಯುತ್ತಾ? ಇರೋಷ್ಟು ದಿನ ಬಾಯಿಗೆ ರುಚಿಯಾಗಿ ತಿಂದು ಹೋಗ್ತೀನಿ' ಅಂತಾರೆ. ಕೊಲೆಸ್ಟ್ರಾಲ್ ಮಾತ್ರೆನೂ ಬಿಟ್ಟಿದ್ದಾರೆ. ಮೊನ್ನೆಯಿಂದ ಮೆಟ್ಟಿಲು ಹತ್ತುವಾಗ ಎದೆ ಹಿಡ್ಕೊಂಡು ನಿಲ್ತಾರೆ, ಕೇಳಿದ್ರೆ ಗ್ಯಾಸು ಅಂತಾರೆ."

"ಅಯ್ಯೋ ಅಕ್ಕಾ! ಅದು ಹೊಟ್ಟೆ ಅಲ್ಲ, ದಿಂಬು!"

"ಏನು?"

"ಇವರ ಹೊಟ್ಟೆ. ದಿಂಬು. ನನ್ನ ಹೂವಿನ ದಿಂಬು!"

ಅಕ್ಕ ನನ್ನ ಹಣೆ ಮುಟ್ಟಿ ನೋಡಿದರು. ಜ್ವರ ಇಲ್ಲ ಅಂತ ಖಾತ್ರಿಯಾದ ಮೇಲೆ ಪೂರ್ತಿ ಕಥೆ ಕೇಳಿಸಿಕೊಂಡು, ನನ್ನ ಗಂಡನಿಗೆ ಬಾಯಿಗೆ ಬಂದ ಹಾಗೆ ಬೈದು, ಬೈದ ಹುರುಪಿನಲ್ಲೇ ಮನೆಗೆ ಓಡಿದರು. ಸದ್ಯ, ಒಂದು ಮಾತಿನಲ್ಲಿ ಮುಗಿಯಿತು ಅಂದುಕೊಂಡೆ. ಅರ್ಧ ಗಂಟೆಗೆ ಭಾವನ ಫೋನು ಬಂತು.

"ಏನಮ್ಮಾ, ನೀನೂ ಅವಳ ಜೊತೆ ಸೇರ್ಕೊಂಡ್ಯಾ? ನನ್ನ ಸಮಾಧಾನಕ್ಕೆ ಸುಳ್ಳು ಹೇಳೋದಾದ್ರೆ ನಂಬೋ ಹಾಗಾದ್ರೂ ಹೇಳಿ. ದಿಂಬಂತೆ ದಿಂಬು! ಬುದ್ಧಿ ಇರೋ ಮನುಷ್ಯ ಯಾರಾದ್ರೂ ಹೊಟ್ಟೆಗೆ ದಿಂಬು ಕಟ್ಕೊಂಡು ವ್ಯಾಪಾರ ಮಾಡ್ತಾನಾ?"

ಫೋನು ಇಟ್ಟು ಇವರ ದಾರಿ ಕಾಯುತ್ತಾ ಕೂತೆ.

ಸಂಜೆ ಇವರು ಮನೆಗೆ ಬಂದ ಕೂಡಲೇ ತರಾಟೆಗೆ ತಗೊಂಡೆ. ಅಣ್ಣ ಆಪರೇಷನ್ ಬಿಟ್ಟ, ಮಾತ್ರೆ ಬಿಟ್ಟ, ಎದೆ ಹಿಡ್ಕೊಳ್ತಾನೆ ಅಂದಾಗ ಇವರ ಮುಖ ಸುಣ್ಣವಾಯಿತು. ಬಿಚ್ಚುತ್ತಿದ್ದ ಕೋಟಿನ ಗುಂಡಿಗಳನ್ನು ಮತ್ತೆ ಹಾಕಿಕೊಂಡರು. ಈಗಲೇ ಹೋಗ್ತೀನಿ ಅಂತ ಹೊರಟರು, ಆದರೆ ಭಾವ ಫೋನಿನಲ್ಲಿ "ಯಾರೂ ಬರಬೇಡಿ, ನನಗೆ ಯಾರ ಸಮಾಧಾನವೂ ಬೇಡ" ಅಂತ ಖಡಾಖಂಡಿತವಾಗಿ ಹೇಳಿಬಿಟ್ಟರು. ಬೆಳಿಗ್ಗೆ ಟೀಗೆ ಹೇಗೂ ಬರುತ್ತಾರೆ, ಬಂದ ಕೂಡಲೇ ಹಿಂದಿನ ಕೋಣೆಗೆ ಕರಕೊಂಡು ಹೋಗಿ ದಿಂಬು ಬಿಚ್ಚಿ ತೋರಿಸುವುದು ಅಂತ ತೀರ್ಮಾನವಾಯಿತು. ಇವರೊಬ್ಬರನ್ನೇ ನಂಬುವ ಹಾಗಿಲ್ಲ ಅಂತ ನಾನೂ ಬೆಳಿಗ್ಗೆ ಅಂಗಡಿಗೆ ಹೋಗಿ ಕೂತೆ.

ಆ ಬೆಳಿಗ್ಗೆಯೇ ಆಹಾರ ಇಲಾಖೆಯ ಇನ್‌ಸ್ಪೆಕ್ಟರು ಬರಬೇಕೆ? ಬಂದವರು ಒಲೆ ನೋಡಿದರು, ಹಿಟ್ಟು ಮೂಸಿದರು, ಆಮೇಲೆ ಇವರ ಗಡ್ಡಕ್ಕೆ ಬಂದು ನಿಂತರು. "ಈ ಗಡ್ಡಕ್ಕೆ ಬಲೆ ಹಾಕಬೇಕಲ್ರೀ? ಇದರಲ್ಲಿ ಒಂದು ಕೂದಲು ಬನ್ನಿಗೆ ಬಿದ್ರೆ ಯಾರು ಜವಾಬ್ದಾರಿ?" ಮೇಷ್ಟ್ರು ಮೂಲೆಯಲ್ಲಿ ಕೇಕು ತಿನ್ನುತ್ತಾ, ಇದು ಮುಖ್ಯವಾದ ಪ್ರಶ್ನೆ ಅನ್ನುವ ಹಾಗೆ ತಲೆ ಆಡಿಸಿದರು. ಎದುರಿನ ಟೈಲರ್ ಬ್ರೆಡ್ಡಿಗೆ ಬಂದವನು ಬ್ರೆಡ್ಡು ಮರೆತು ನಿಂತಿದ್ದ. ಆಗ ಭಾವ ಬಂದರು. ಕಾರು ಹೊರಗೆ ನಿಲ್ಲಿಸಿದ್ದರು, ಅದರಲ್ಲಿ ಕೂತಿದ್ದ ಕಲಿಯುವವರು ಬಿಡದೆ ಹಾರ್ನ್ ಒತ್ತುತ್ತಿದ್ದರು. ಅವರಿಗೆ ಇನ್ನೂ ಅಷ್ಟೇ ಪಾಠವಾಗಿತ್ತು.

"ಎರಡು ಪಫ್ ಕೊಡೋ ತಮ್ಮಾ, ಬೇಗ ಹೋಗಬೇಕು" ಅಂದರು ಭಾವ.

ಇವರು "ಅಣ್ಣಾ, ಒಳಗೆ ಬಾ" ಅಂದರು.

"ಪುರುಸೊತ್ತಿಲ್ಲ ಕಣೋ."

ಇನ್‌ಸ್ಪೆಕ್ಟರು ಇನ್ನೂ ಇವರ ಗಡ್ಡದ ಮಾತು ಬಿಟ್ಟಿಲ್ಲ. ಮೇಷ್ಟ್ರ ಕಿವಿ ಇತ್ತ ಕಡೆಯೇ ಇದೆ. ಬಾಯಿಬಿಟ್ಟು ಹೇಳುವ ಹಾಗಿಲ್ಲ. ಇವರು ಅಣ್ಣನಿಗೆ ಕಣ್ಣು ಹೊಡೆದರು. ಭಾವ ಹುಬ್ಬು ಗಂಟಿಕ್ಕಿದರು. ಇವರು ಹೊಟ್ಟೆಯ ಮೇಲೆ ಕೈಯಿಟ್ಟು, ಅದನ್ನು ಎರಡೂ ಕಡೆಯಿಂದ ಒತ್ತಿ ತೋರಿಸಿ, ಮುಖ ಹಿಂಡಿ, ಒಳಗಿನ ಕೋಣೆಯ ಕಡೆ ಕತ್ತು ಆಡಿಸಿದರು. ಇದು ದಿಂಬು, ಒಳಗೆ ಬಂದು ನೋಡು ಅನ್ನುವುದು ಅದರ ಅರ್ಥ. ನಿಮ್ಮಾಣೆ, ನನಗೂ ಅದು ಹಾಗೆ ಕಾಣಲಿಲ್ಲ.

"ಅಯ್ಯಯ್ಯೋ! ಹೊಟ್ಟೆನೋವೇನೋ?" ಭಾವನ ಗಂಟಲು ಬೀದಿಗೆ ಕೇಳಿಸಿತು. "ಆಪರೇಷನ್ ಹೊಲಿಗೆ ಬಿಚ್ಕೊಂಡ್ತಾ? ನನಗೆ ಗೊತ್ತಿತ್ತು ಕಣೋ, ಅದು ಸರಿಯಾಗಿಲ್ಲ ಅಂತ ನನಗೆ ಗೊತ್ತಿತ್ತು!"

"ಆಪರೇಷನ್ನಾ?" ಮೇಷ್ಟ್ರು ಎದ್ದುನಿಂತರು.

"ಏನು ಆಪರೇಷನ್ನು?" ಇನ್‌ಸ್ಪೆಕ್ಟರು ಗಡ್ಡ ಬಿಟ್ಟು ಹೊಟ್ಟೆಗೆ ಇಳಿದರು.

"ಅಣ್ಣಾ, ನೋವಲ್ಲ, ಇದು..."

"ಮಾತಾಡಬೇಡ! ಮಲಗು! ಯಾರಾದ್ರೂ ಆಂಬುಲೆನ್ಸ್ ಕರೀರಪ್ಪಾ!"

ಟೈಲರ್ ಆಗಲೇ ಫೋನ್ ಮಾಡುತ್ತಿದ್ದ. "ಬೇಕರಿಯವರ ಹೊಟ್ಟೆ ಒಡೆದಿದೆ, ಬೇಗ ಬನ್ನಿ" ಅನ್ನುವುದು ನನಗೆ ಸ್ಪಷ್ಟವಾಗಿ ಕೇಳಿಸಿತು. ಮೇಷ್ಟ್ರು "ಬಿಸಿನೀರು! ಬಿಸಿನೀರು!" ಅಂದರು, ಯಾತಕ್ಕೆ ಅಂತ ಹೇಳಲಿಲ್ಲ. ಹೆದರಬೇಡಯ್ಯಾ ಅಂತ ಅವರೇ ಇವರ ಹೊಟ್ಟೆಯ ಮೇಲೆ ಕೈಯಿಟ್ಟು ಸವರಿದರು. ಹೊಟ್ಟೆ ಎಡಕ್ಕೆ ಸರಿಯಿತು. ಗಾಬರಿಯಾಗಿ ಬಲಕ್ಕೆ ತಳ್ಳಿದರು. ಬಲಕ್ಕೆ ಬಂತು. ಮೇಷ್ಟ್ರ ಮುಖ ಬಿಳಿಚಿಕೊಂಡಿತು.

"ಒಳಗೆ ಎಲ್ಲಾ ಕಳಚಿಹೋಗಿದೆ!"

ನಾನು "ಸಾರ್, ಅದು ದಿಂಬು" ಅಂದೆ. ಯಾರು ಕೇಳುತ್ತಾರೆ? ಆಂಬುಲೆನ್ಸಿನ ಕೂಗು ಬೀದಿಯ ತಿರುವಿನಲ್ಲಿ ಕೇಳಿಸಿತು. ಅದು ಕೇಳಿದ್ದೇ ತಡ, ಭಾವ "ನನ್ನ ತಮ್ಮನ್ನ ನಾನೇ ಎತ್ಕೊಂಡು ಹೋಗ್ತೀನಿ, ಯಾರೂ ಮುಟ್ಟಬೇಡಿ!" ಅಂತ ತೋಳು ಮಡಿಚಿದರು. ಹಿಟ್ಟಿನ ಮೂಟೆ ಎತ್ತುವವರ ಹಾಗೆ ಕಾಲು ಅಗಲಿಸಿ, ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು ಎತ್ತಿದರು.

ತಮ್ಮ ಸರ್ರನೆ ಮೇಲೆ ಹೋದರು. ಅಷ್ಟು ಶಕ್ತಿ ಹಾಕಿದ್ದು ದಂಡವಾಗಿ ಭಾವ ಹಿಂದಕ್ಕೆ ತೂರಾಡಿ ಗಾಜಿನ ಬೀರುವಿಗೆ ಒರಗಿಕೊಂಡರು. ಕೋಟಿನ ಗುಂಡಿಗಳು ಕಿತ್ತವು, ದಿಂಬು ಮೇಷ್ಟ್ರ ಟೀ ಮೇಲೆ ಬಿತ್ತು. ಭಾವನ ತೋಳಿನಲ್ಲಿ ಉಳಿದದ್ದು ಕೋಟಿನೊಳಗಿನ ಸಣಕಲು ಮನುಷ್ಯ ಒಬ್ಬ.

 ಹೊರಗೆ ಹಾರ್ನು ಇನ್ನೂ ಕೂಗುತ್ತಲೇ ಇತ್ತು.

"ತಮ್ಮಾ," ಅಂದರು ಭಾವ, "ನೀನು ಇಷ್ಟೇನಾ?"

"ಇಷ್ಟೇ ಅಣ್ಣಾ. ಇಳಿದಿದೀನಿ. ಪೂರ್ತಿ ಇಳಿದಿದೀನಿ. ಕೊಲೆಸ್ಟ್ರಾಲೂ ಇಳಿದಿದೆ. ಇವರೆಲ್ಲ ಏನಂತಾರೋ ಅಂತ..."

ಇನ್‌ಸ್ಪೆಕ್ಟರು ದಿಂಬನ್ನು ಎರಡು ಬೆರಳಲ್ಲಿ ಎತ್ತಿ, "ಇದು ಹಿಟ್ಟು ಕಲಸೋ ಕೋಣೆಗೂ ಹೋಗಿತ್ತೇನ್ರೀ?" ಅಂದರು. ಅವರಿಗೆ ಉತ್ತರ ಕೊಡುವಷ್ಟು ಹೊತ್ತು ನಮಗೆ ಸಿಗಲಿಲ್ಲ. ಭಾವ ತಮ್ಮನನ್ನು ಮೆಲ್ಲಗೆ ಕೆಳಗಿಳಿಸಿ, ನಗಲು ಹೋಗಿ, ನಗಲಾರದೆ ಎಡಗೈ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟರು. ಹಣೆಯ ತುಂಬ ಬೆವರು. "ಗ್ಯಾಸು" ಅಂದರು. ಅದು ಗ್ಯಾಸಲ್ಲ ಅಂತ ನೋಡಿದ ಎಲ್ಲರಿಗೂ ಗೊತ್ತಾಯಿತು.

ಅಷ್ಟು ಹೊತ್ತಿಗೆ ಆಂಬುಲೆನ್ಸಿನವರು ಸ್ಟ್ರೆಚರ್ ಹಿಡಿದು ಒಳಗೆ ಬಂದರು. "ಹೊಟ್ಟೆ ಒಡೆದಿರೋದು ಯಾರಿಗೆ?"

ಎಲ್ಲರೂ ಅಭ್ಯಾಸಬಲದಿಂದ ಇವರ ಕಡೆ ಕೈ ತೋರಿಸಿದರು. ಇವರು ಅಣ್ಣನ ಪಕ್ಕ ಮೊಣಕಾಲೂರಿ ಕೂತು, "ನನ್ನನ್ನ ಬಿಡ್ರಪ್ಪಾ, ಇವನನ್ನ ಎತ್ತಿ! ಎದೆ, ಎದೆ!" ಅಂತ ಅರಚಿದರು. ಅವರು ಹಾಗೆ ಅರಚಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಸ್ಟ್ರೆಚರಿನ ಒಂದು ತುದಿಗೆ ಆಂಬುಲೆನ್ಸಿನವರು, ಇನ್ನೊಂದಕ್ಕೆ ಟೈಲರ್, ಇನ್‌ಸ್ಪೆಕ್ಟರು, ನಮ್ಮ ಮನೆಯವರು. ಮೇಷ್ಟ್ರು ಮುಂದೆ ಓಡಿ ಬೀದಿಯಲ್ಲಿ ಗಾಡಿಗಳನ್ನೆಲ್ಲ ಕೈ ಅಡ್ಡಹಿಡಿದು ನಿಲ್ಲಿಸಿದರು. ಆಂಬುಲೆನ್ಸಿನಲ್ಲಿ ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ಮಲಗಿದ್ದ ಭಾವ, ಡ್ರೈವರನಿಗೆ "ತಿರುವಿನಲ್ಲಿ ಗೇರು ಇಳಿಸಪ್ಪಾ" ಅಂತ ಹೇಳಿಕೊಡುತ್ತಿದ್ದುದನ್ನು ಕೇಳಿ ನನಗೆ ಸ್ವಲ್ಪ ಜೀವ ಬಂತು.

ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರು ಕೆಲಸ ಮುಗಿಸಿ ಹೊರಗೆ ಬಂದು, ರಕ್ತನಾಳ ಒಂದು ಮುಚ್ಚಿಕೊಳ್ಳುವುದರಲ್ಲಿತ್ತು, ಸ್ಟೆಂಟ್ ಹಾಕಿ ತೆರೆದಿದ್ದೇವೆ ಅಂದರು. "ಅದು ಹೇಗ್ರೀ ಇಷ್ಟು ಬೇಗ ಬಂದಿರಿ? ನೋವು ಶುರುವಾದ ಕೂಡಲೇ ಆಂಬುಲೆನ್ಸ್ ಬಾಗಿಲಲ್ಲಿ ಇತ್ತು ಅಂತಾರಲ್ಲ!"

ಅಕ್ಕ ನನ್ನ ಮುಖ ನೋಡಿದರು. ನಾನು ಇವರ ಮುಖ ನೋಡಿದೆ. ಇವರು ನೆಲ ನೋಡಿದರು.

"ನೋವಿಗಿಂತ ಮೊದಲೇ ಕರೆಸಿದ್ವಿ ಡಾಕ್ಟ್ರೇ" ಅಂದೆ. ಅವರಿಗೆ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ದೇವರು ಯಾರ ಪೆದ್ದುತನವನ್ನು ಯಾವ ಕೆಲಸಕ್ಕೆ ಬಳಸಿಕೊಳ್ಳುತ್ತಾನೋ ಹೇಳೋಕಾಗಲ್ಲ. ಆವತ್ತು ಆ ಟೈಲರನಿಗೆ, ಆ ಇನ್‌ಸ್ಪೆಕ್ಟರಿಗೆ, ಬೀದಿಯಲ್ಲಿ ಕೈ ಬೀಸಿದ ಮೇಷ್ಟ್ರಿಗೆ, ಕಡೆಗೆ ನನ್ನ ಈ ಗಂಡನಿಗೂ ಮನಸ್ಸಿನಲ್ಲೇ ಕೈ ಮುಗಿದೆ.

ಎರಡು ದಿನ ಬಿಟ್ಟು ವಾರ್ಡಿಗೆ ಹೋದಾಗ ಭಾವ ತಮ್ಮನನ್ನು ಹತ್ತಿರ ಕರೆದು, ಅಂಗಿ ಎತ್ತಿಸಿ, ಪಕ್ಕೆಲುಬುಗಳನ್ನು ಒಂದೊಂದಾಗಿ ಬೆರಳಲ್ಲಿ ಮುಟ್ಟಿ ನೋಡಿದರು. ನೋಡುತ್ತಾ ನೋಡುತ್ತಾ ಅವರ ಕಣ್ಣಲ್ಲಿ ನೀರು ಬಂತು.

"ಮೊದಲೇ ತೋರಿಸೋಕೆ ಏನಾಗಿತ್ತೋ ನಿನಗೆ, ಕತ್ತೆ?"

"ನಿನಗೆ ಗೊತ್ತಿದೆ ಅಂದ್ಕೊಂಡಿದ್ದೆ ಅಣ್ಣಾ."

"ನನಗೆ ಗೊತ್ತಿದ್ದದ್ದು ನೀನು ಸೋತೆ ಅಂತ. ನಾನು ಮುಂದೆ ಕಳಿಸಿದ್ದಕ್ಕೆ ಹೋಗಿ ಸೋತೆ ಅಂತ. ಅದಕ್ಕೇ ಕೇಳಲಿಲ್ಲ."

ಇವರು ಮಂಚದ ಕಂಬಿಗೆ ತಲೆ ಒತ್ತಿ ಮಗುವಿನ ಹಾಗೆ ಅತ್ತರು. ನರ್ಸಮ್ಮ ಬಂದು, ಪೇಷೆಂಟಿಗೆ ಉದ್ವೇಗ ಆಗಬಾರದು ಅಂತ ಹೊರಗೆ ಕಳಿಸಿದರು.

ಅಂಗಡಿಗೆ ಇವರು ಗಡ್ಡ ಬೋಳಿಸಿಕೊಂಡು, ದಿಂಬಿಲ್ಲದ ಬರೀ ಹೊಟ್ಟೆಯಲ್ಲಿ ಹೋದರು. ವ್ಯಾಪಾರ ಇವತ್ತಿಗೆ ಮುಗಿಯಿತು ಅಂತಲೇ ಬಾಗಿಲು ತೆರೆದದ್ದು. ಮೇಷ್ಟ್ರು ಬಂದರು. ಟೀ ತಗೊಂಡರು. ಬೀರುವಿನ ಎಲ್ಲಾ ಹಲಗೆಗಳನ್ನೂ ಈ ಕೊನೆಯಿಂದ ಆ ಕೊನೆಯವರೆಗೆ ನೋಡಿ, "ಇಷ್ಟು ವರ್ಷ ನಿನ್ನ ಹಿಂದೆ ಇಷ್ಟೆಲ್ಲಾ ತಿಂಡಿ ಇತ್ತೇನಯ್ಯಾ?" ಅಂದರು. ಆಮೇಲೆ ಸ್ವಲ್ಪ ಮುಜುಗರದಿಂದ, ತಮ್ಮ ರಕ್ತವನ್ನೂ ಪರೀಕ್ಷೆಗೆ ಕೊಟ್ಟುಬಂದಿರುವುದಾಗಿ ತಿಳಿಸಿ, ಕೇಕನ್ನು ಅರ್ಧ ಮಾಡಿಸಿ ಟೈಲರನ ಜೊತೆ ಹಂಚಿಕೊಂಡರು. ಹೆಸರು ಮಾತ್ರ ದಪ್ಪಣ್ಣನ ಬೇಕರಿ ಅಂತಲೇ ಉಳಿದಿದೆ. ಸಣಕಲು ದಪ್ಪಣ್ಣನನ್ನು ನೋಡಲೆಂದೇ ಪಕ್ಕದ ಬೀದಿಗಳಿಂದ ಜನ ಬರುತ್ತಾರೆ, ಬಂದವರು ಬರಿಗೈಯಲ್ಲಿ ಹೋಗಲು ನಾಚಿಕೊಂಡು ಏನಾದರೂ ಕೊಳ್ಳುತ್ತಾರೆ.

ಹೃದಯದ ಡಾಕ್ಟರು ಹೂಂ ಅನ್ನಲು ಬಹಳ ತಿಂಗಳು ಹಿಡಿಯಿತು. ಎದೆ ಗಟ್ಟಿಯಾಗಲಿ, ಆಮೇಲೆ ಹೊಟ್ಟೆ ಮುಟ್ಟೋಣ ಅಂದಿದ್ದರು. ಅಷ್ಟು ದಿನವೂ ಭಾವ ಒಂದು ಮಾತ್ರೆ ತಪ್ಪಿಸಲಿಲ್ಲ. ಕಡೆಗೆ ಡಾಕ್ಟರಮ್ಮನ ಕೈಯಲ್ಲೇ ಆಪರೇಷನ್ ಆಯಿತು. ಒಳಗೆ ಕರಕೊಂಡು ಹೋಗುವಾಗ ಟ್ರಾಲಿಯ ಪಕ್ಕ ತಮ್ಮನನ್ನು ನಡೆಸಿಕೊಂಡೇ ಹೋದರು. "ಮುಂದೆ ಮುಂದೆ ನಡಿಯೋ, ನಾನು ಹಿಂದೆ ಬರ್ತೀನಿ" ಅನ್ನುತ್ತಿದ್ದರು. ನಾನೂ ಅಕ್ಕನೂ ಹೊರಗೆ ಬೆಂಚಿನ ಮೇಲೆ ಕೂತೆವು. ಆಗ ಅಕ್ಕ ನನಗೆ ಒಂದು ವಿಷಯ ಹೇಳಿದರು.

"ನಿಮ್ಮ ಭಾವ ಗೊರಕೆ ಹೊಡೀತಾರಲ್ಲ, ನಿದ್ದೆ ಕೆಡುತ್ತೆ ಅಂತ ಎಲ್ಲರ ಹತ್ರ ದೂರ್ತೀನಿ. ಸುಳ್ಳು ಕಣೇ. ಆ ಗೊರಕೆ ಮಧ್ಯೆ ನಿಂತುಬಿಡುತ್ತೆ. ನಿಂತಾಗ ನನ್ನ ಎದೆ ಧಸಕ್ ಅನ್ನುತ್ತೆ. ಮತ್ತೆ ಶುರುವಾಗೋವರೆಗೂ ಅವರ ಎದೆ ಮೇಲೆ ಕೈಯಿಟ್ಕೊಂಡು ಕೂತಿರ್ತೀನಿ. ಮಾವನವರು ಹೋದಾಗಿಂದ ನಾನು ನೆಟ್ಟಗೆ ನಿದ್ದೆ ಮಾಡಿಲ್ಲ."

ಇಷ್ಟು ವರ್ಷ ಅಕ್ಕನ ಸಿಡುಕಿಗೆ ನಾವೆಲ್ಲ ಹಿಂದಿನಿಂದ ನಕ್ಕಿದ್ದೆವು. ನಾನು ಅವರ ಕೈ ಹಿಡಿದುಕೊಂಡು ಕೂತೆ.

ಮತ್ತೆ ಕೆಲವು ತಿಂಗಳ ಮೇಲೆ, ಭಾವನ ರಕ್ತಪರೀಕ್ಷೆಯ ಫಲಿತಾಂಶ ಕೇಳಲು ನಾವು ನಾಲ್ವರೂ ಹೋಗಿದ್ದೆವು. ಮಧ್ಯಾಹ್ನದ ಹೊತ್ತು, ಡಾಕ್ಟರಮ್ಮ ಬರುವುದು ತಡವಾಯಿತು. ಭಾವನ ಅಂಗಿ ಮೈಮೇಲೆ ಎರಡು ಸುತ್ತು ಬರುವ ಹಾಗಿತ್ತು. ಅಕ್ಕ ಅವರ ಭುಜಕ್ಕೆ ತಲೆ ಆನಿಸಿಕೊಂಡು ಕೂತಿದ್ದವರು, ಹಾಗೇ ನಿದ್ದೆಗೆ ಜಾರಿದರು. ಬರೀ ನಿದ್ದೆಯಲ್ಲ, ಬಾಯಿ ತೆರೆದು, ಗೊರಕೆ. ಆ ಗೊರಕೆಗೆ ಎದುರು ಬೆಂಚಿನ ಮಗು ಎದ್ದು ಅಳಲು ಶುರು ಮಾಡಿತು.

ಡಾಕ್ಟರಮ್ಮ ತಾವೇ ಹೊರಗೆ ಬಂದರು. "ಏನ್ರೀ, ನಿಮ್ಮದು ತುಂಬಾ ಒಳ್ಳೆ..." ಅಂತ ಜೋರಾಗಿ ಶುರು ಮಾಡಿದರು.

ಭಾವ ಕೂತ ಜಾಗದಿಂದ ಒಂದು ಕೂದಲೂ ಅಲುಗದ ಹಾಗೆ, ಬೆರಳು ತುಟಿಯ ಮೇಲಿಟ್ಟು, "ಶ್!" ಅಂದರು.

ಡಾಕ್ಟರಮ್ಮ ಅಕ್ಕನನ್ನು ನೋಡಿದರು. ಮೆಲ್ಲಗೆ ಬಂದು ಭಾವನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಕಿವಿಯ ಹತ್ತಿರ ಬಗ್ಗಿ, ಕೆಟ್ಟದ್ದು ಎಷ್ಟಕ್ಕೆ ಇಳಿಯಿತು, ಒಳ್ಳೇದು ಎಷ್ಟಕ್ಕೆ ಏರಿತು, ಎದೆಗೆ ಈಗ ಎಷ್ಟು ಹಗುರ ಅಂತ ಪಿಸುಮಾತಿನಲ್ಲೇ ಹೇಳಿದರು. ನಾವೂ ಬಗ್ಗಿ ಕೇಳಿಸಿಕೊಂಡೆವು. ನಮ್ಮ ಮನೆಯವರು ಸಂತೋಷಕ್ಕೆ ಚಪ್ಪಾಳೆ ತಟ್ಟಲು ಹೋದರು, ನಾನು ಕೈ ಹಿಡಿದೆ.

"ಎಬ್ಬಿಸಿ ಹೇಳಲ್ವಾ?" ಅಂತ ಡಾಕ್ಟರಮ್ಮ ಕೇಳಿದರು.

"ಬೇಡ ಡಾಕ್ಟ್ರೇ," ಅಂದರು ಭಾವ. "ಮಲಗಲಿ. ನಾನು ಎಚ್ಚರವಾಗಿರ್ತೀನಿ."